ಎರಡು ಬೆರಳಿನ ಒಳಮಡಿಕೆ

ನನ್ನ ಮಾವನವರ ಸ್ವಭಾವ ತಿಳಿಯಬೇಕಾದರೆ ಅವರು ಹೊಲಿದ ಬಟ್ಟೆಯನ್ನು ಒಳಮೈ ಹೊರಗಾಗಿ ತಿರುವಿ ನೋಡಬೇಕಿತ್ತು. ಹೊರಗಿನಿಂದ ಅದು ಎಲ್ಲರ ಅಂಗಿಯಂಥದೇ ಅಂಗಿ. ಒಳಗೆ ಮಾತ್ರ ಪ್ರತಿ ಹೊಲಿಗೆಯ ಪಕ್ಕದಲ್ಲೂ ಎರಡು ಬೆರಳಗಲದ ಹೆಚ್ಚುವರಿ ಬಟ್ಟೆ, ಮಡಿಸಿ ಇಸ್ತ್ರಿ ಹಾಕಿಸಿಕೊಂಡು, ಮುಂದೆಂದೋ ಬರಬಹುದಾದ ದಿನಕ್ಕಾಗಿ ಕಾದು ಮಲಗಿರುತ್ತಿತ್ತು. ತೊಟ್ಟವನು ದಪ್ಪಗಾಗಬಹುದು, ಮಗು ಬೆಳೆಯಬಹುದು, ಬಟ್ಟೆ ಮೊದಲ ಒಗೆತಕ್ಕೇ ಕುಗ್ಗಬಹುದು. ಆಗಬಹುದಾದದ್ದೆಲ್ಲ ಆಗಿಯೇ ತೀರುತ್ತದೆಂಬ ನಂಬಿಕೆಯಲ್ಲಿ ಅವರು ನಲವತ್ತು ವರ್ಷ ಕತ್ತರಿ ಹಿಡಿದಿದ್ದರು. ಬೀದಿಯವರು ಅವರಿಗೆ ಇಟ್ಟ ಅಡ್ಡಹೆಸರೇ ‘ಎರಡು ಬೆರಳು.’

ನಡೆಯುವಾಗ ಅವರ ಬಲಗಾಲು ಎಡಗಾಲಿಗಿಂತ ತುಸು ಹೆಚ್ಚು ಹೊತ್ತು ನೆಲವನ್ನು ಒತ್ತುತ್ತಿತ್ತು, ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಬೀದಿಯುದ್ದಕ್ಕೂ ಸಾಗುತ್ತಿದ್ದಾರೋ ಎಂಬಂತೆ. ತಾವೇ ಹೊಲಿದುಕೊಂಡ ಬೂದುಬಣ್ಣದ ಕೋಟಿಗೆ ಒಂಬತ್ತು ಜೇಬು. ಸೂಜಿ, ದಾರ, ಸೀಮೆಸುಣ್ಣ, ಗುಂಡಿ, ಕೊನೆಗೆ ಒಂದು ಬೀಗದ ಎರಡು ಕೀಲಿಕೈಗಳಿಗೂ ಬೇರೆ ಬೇರೆ ಜೇಬು. ಸೆಕೆಯಲ್ಲೂ ಅದನ್ನು ಕಳಚಿದ್ದನ್ನು ನಾನು ಕಾಣೆ. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವರು, ಬೀದಿಯ ತಿರುವಿನಿಂದ ಹಿಂದಕ್ಕೆ ಬಂದು ನಾಲ್ಕನೆಯ ಸಲ. ಆಗೆಲ್ಲ ಅವರ ಬಾಯಲ್ಲಿ ಒಂದೇ ಮಾತು: “ಒಂದ್ಸಲ ನೋಡಿಬಿಡೋಣ.” ಸೊಸೆಯಾಗಿ ಬಂದ ಹೊಸತರಲ್ಲಿ, ನಾನು ಆರಿಸಿದ ಒಲೆಯನ್ನು ಅವರು ಮತ್ತೆ ಬಗ್ಗಿ ನೋಡುವಾಗ, ನನ್ನ ಮೇಲೆ ನಂಬಿಕೆಯಿಲ್ಲವೆಂದು ನೊಂದುಕೊಂಡಿದ್ದೆ. ಅವರಿಗೆ ನಂಬಿಕೆ ಇಲ್ಲದ್ದು ತಮ್ಮ ಕೈಗಳ ಮೇಲೆಯೇ ಎಂದು ತಿಳಿಯಲು ಒಂದು ದೋಣಿ ಬರಬೇಕಾಯಿತು.

ನನ್ನ ಅತ್ತೆ ಮೀನುಗಾರರ ಮನೆಯ ಮಗಳು. ಅವರ ಅಣ್ಣ ವಯಸ್ಸಾಗಿ ಕಡಲಿಗಿಳಿಯುವುದನ್ನು ಬಿಟ್ಟ ಮೇಲೆ, ಅವರ ಮರದ ದೋಣಿ ಆರು ವರ್ಷ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅದನ್ನು ಅವರು ನನ್ನ ಮೈದುನನಿಗೆ ಕೊಟ್ಟುಬಿಟ್ಟರು. ಮೈದುನನಿಗೆ ಮೊದಲಿನಿಂದಲೂ ಕತ್ತರಿಗಿಂತ ಬಲೆಯ ಮೇಲೆ ಮನಸ್ಸು. ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದವನು, ಬರುವ ಮೀನಿನ ಹಂಗಾಮಿನ ಮೊದಲ ದಿನ ಸ್ವಂತ ದೋಣಿಯಲ್ಲೇ ಹೋಗುವೆನೆಂದು ಹಟ ಹಿಡಿದ. ಬೇಡವೆಂದರೆ ಇದ್ದ ಹಾಗೆಯೇ ನೀರಿಗೆ ತಳ್ಳಿಕೊಂಡು ಹೊರಟುಬಿಡುತ್ತಾನೆಂದು ಮಾವನವರಿಗೆ ಗೊತ್ತಿತ್ತು. ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, ಅದನ್ನು ತಾವೇ ರಿಪೇರಿ ಮಾಡುವುದಾಗಿ ಹೇಳಿದರು.

“ಬಕೆಟ್ ನೀರು ಕಂಡ್ರೇನೇ ಎರಡು ಹೆಜ್ಜೆ ಹಿಂದಕ್ಕೆ ಹೋಗೋರು ದೋಣಿ ಕಟ್ತಾರಂತೆ,” ಎಂದು ಅತ್ತೆ ನಕ್ಕರು.

ಮಾವ ನಗಲಿಲ್ಲ. “ಅಂಗಿ ಹರಿದ್ರೆ ಗಿರಾಕಿ ಬಂದು ಬೈದು ಹೋಗ್ತಾನೆ. ಇದು ಹರಿದ್ರೆ ಬಂದು ಬೈಯೋಕೂ ಯಾರೂ ಇರಲ್ಲ,” ಎಂದರು.

ಅತ್ತೆ ಮತ್ತೆ ಆ ವಿಷಯದಲ್ಲಿ ತಮಾಷೆ ಮಾಡಲು ಬಹಳ ದಿನ ಹಿಡಿಯಿತು.

ಅಂಗಡಿಯ ಹಿಂದಿನ ತಗಡಿನ ಮಾಡಿನಡಿ ದೋಣಿಯನ್ನು ತಂದಿಟ್ಟಾಯಿತು. ಅವರು ಮೊದಲು ಮಾಡಿದ ಕೆಲಸವೆಂದರೆ ಕೊರಳಿನ ಟೇಪು ತೆಗೆದು ಅದರ ಅಳತೆ ಹಿಡಿದದ್ದು. ಗಿರಾಕಿಗಳ ಅಳತೆಯ ಪುಸ್ತಕದಲ್ಲಿ ಹೊಸ ಪುಟ ತೆರೆದು, ಹೆಸರಿನ ಜಾಗದಲ್ಲಿ ‘ದೋಣಿ’ ಎಂದು ಬರೆದು, ಕೆಳಗೆ ಉದ್ದ, ಎದೆ, ಸೊಂಟ ಎಂದು ಅಂಕಿಗಳನ್ನು ತುಂಬಿದರು. ಕೆಲಸ ಕಲಿಸಲು ಸಿಕ್ಕವರು ಊರಿನ ಹಳೆಯ ದೋಣಿ ಬಡಗಿ. ಕೈ ನಡುಗುತ್ತಿದ್ದುದರಿಂದ ಉಳಿ ಸುತ್ತಿಗೆ ಮುಟ್ಟದೆ, ಸಂಜೆ ಹೊತ್ತು ಬಂದು ಮೀನಿನ ಪೆಟ್ಟಿಗೆಯ ಮೇಲೆ ಕುಳಿತು ಊರುಗೋಲಿನಿಂದ ತೋರಿಸಿ ಹೇಳುವರು. ಕೊಳೆತ ಹಲಗೆ ಯಾವುದೆಂದು ಹುಡುಕಲು ಮಾವ ಗೋಣಿ ಹೊಲಿಯುವ ದಬ್ಬಣದಿಂದ ಅಂಗುಲ ಅಂಗುಲಕ್ಕೂ ಚುಚ್ಚಿ ನೋಡಿದ್ದನ್ನು ಬಡಗಿ ಮೆಚ್ಚಿಕೊಂಡರು. ಸುತ್ತಿಗೆಯ ವಿಷಯದಲ್ಲಿ ಮಾತ್ರ ಅವರ ತಾಳ್ಮೆ ತಪ್ಪಿತು. “ಟೈಲರೇ, ಮೊಳೆಗೆ ಮುತ್ತು ಕೊಡಬೇಡಿ, ಹೊಡೀರಿ,” ಎಂದು ಅವರು ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಮಾವನವರ ಹೆಬ್ಬೆರಳು ಎರಡು ಸಲ ನೀಲಿಗಟ್ಟಿತು. ಕೊಳೆತ ಮೂರು ಹಲಗೆ ಹೋಗಿ ಹೊಸ ಹಲಗೆ ಕೂತವು.

ಉಳಿದದ್ದು ಹಲಗೆಗಳ ನಡುವಿನ ಸಂದಿಗಳಿಗೆ ಹತ್ತಿಯ ಎಳೆ ತುರುಕಿ, ಮೇಲೆ ಅಂಟು ಬಳಿಯುವ ಕೆಲಸ. ಆ ಹೊತ್ತಿಗೆ ಬಡಗಿ ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋದರು. ವಾರದಲ್ಲಿ ಬರುತ್ತೇನೆಂದವರು ಎರಡು ವಾರವಾದರೂ ಬರಲಿಲ್ಲ. ಹಂಗಾಮು ತೆರೆಯಲು ಹನ್ನೆರಡು ದಿನವಿತ್ತು. ಮೈದುನ ದಿನಾ ಬಂದು ದೋಣಿಯ ಬೆನ್ನು ತಟ್ಟಿ ಹೋಗುತ್ತಿದ್ದ. ಒಂದು ಸಂಜೆ, ಕಾಲೇಜಿನ ಕೆಲಸ ಮುಗಿಸಿ ಬಂದ ನನ್ನ ಬಳಿ ಮಾವ ಬಂದು ನಿಂತರು.

“ನಿಮ್ಮ ಕಾಲೇಜಲ್ಲಿ ಇಷ್ಟೊಂದು ಪುಸ್ತಕ ಇದಾವಲ್ಲಮ್ಮ. ಇದರ ಬಗ್ಗೆ ಏನಾದ್ರೂ ಇದೆಯಾ, ಒಂದ್ಸಲ ನೋಡಿಬಿಡು.”

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬಾವಿಗಿಂತ ಆಳದ ನೀರು ಕಾಣದ ಹಳ್ಳಿಯಲ್ಲಿ ಬೆಳೆದ ನನಗೆ, ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲಿಲ್ಲ ಎಂಬ ಹೆಮ್ಮೆ ಇನ್ನೂ ಇತ್ತು. ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದು, ಬೇಕಾದ ಪುಟ ಹುಡುಕಿ, ಪಾಠ ಹೇಳುವ ಧ್ವನಿಯಲ್ಲಿ ಅರ್ಥ ಹೇಳಿದೆ: ಸಂದಿಗಳನ್ನು ಬಿಗಿಯಾಗಿ ತುಂಬತಕ್ಕದ್ದು. ಅದು ದಿನವೂ ನೀರಿನಲ್ಲಿರುವ ದೋಣಿಗಳ ಮಾತು, ವರ್ಷಗಟ್ಟಲೆ ಒಣಗಿದವುಗಳಿಗೆ ಮುಂದೆ ಬೇರೆಯೇ ಅಧ್ಯಾಯವಿತ್ತು ಎಂಬುದನ್ನು ನಾನು ಕಂಡದ್ದು ಆಮೇಲೆ.

ಬಿಗಿಯಾಗಿ ಎಂಬ ಪದ ಅಂಜುವವರ ಕೈಗೆ ಸಿಕ್ಕರೆ ಏನಾಗುತ್ತದೆಂದು ಆ ವಾರ ನೋಡಿದೆ. ಮಾವ ಒಂದು ಸುತ್ತು ತುಂಬಿದರು. ಮರುದಿನ ಉಗುರಿನಿಂದ ಒತ್ತಿ ನೋಡಿ, ಎಲ್ಲೋ ಮೆತ್ತಗಿದೆ ಎನ್ನಿಸಿ, ಎರಡನೆಯ ಸುತ್ತು ತುರುಕಿದರು. ಮತ್ತೆ ಅನುಮಾನ, ಮತ್ತೊಂದು ಸುತ್ತು. ಮೊಂಡು ಉಳಿಯನ್ನಿಟ್ಟು ಸುತ್ತಿಗೆಯಿಂದ ಬಡಿದು ಬಡಿದು, ಕೂದಲು ಹೋಗುವಷ್ಟೂ ಎಡೆಯಿಲ್ಲದಂತೆ ಮಾಡಿ, ಮೇಲೆ ಅಂಟು ಬಳಿದರು. ಮೊಳೆಗೆ ಮುತ್ತು ಕೊಡುತ್ತಿದ್ದ ಕೈಯಲ್ಲಿ ಆ ಬಲ ಎಲ್ಲಿತ್ತೋ. ದೋಣಿಯ ಮೈ ಹೊಸ ಗುಂಡಿಯಂತೆ ನುಣ್ಣಗಾಯಿತು.

ಒಂದು ಬೆಳಿಗ್ಗೆ ಆರು ಜನ ಹಿಡಿದು ಅದನ್ನು ನೀರಿಗಿಳಿಸಿ, ಸೊಂಟದಾಳದಲ್ಲಿ ಗೂಟಕ್ಕೆ ಕಟ್ಟಿದರು. ಒಂದು ಗಂಟೆ ಕಳೆದರೂ ಒಳಗೆ ಹನಿ ನೀರಿಲ್ಲ. ಮಾವನವರ ಎರಡೂ ಕೈ ಏನನ್ನೂ ಮುಟ್ಟಿ ನೋಡದೆ ಜೇಬಿನಲ್ಲಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಒಣ ಕೊಂಬೆ ಮುರಿದಂಥ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೈದುನ ಹಾರಿ ಒಳಗೆ ನೋಡಿದ: ಒಂದು ಹಲಗೆಯ ಮೊಳೆಗಳು ಕಿತ್ತು ಬಂದಿದ್ದವು, ಹಲಗೆಗಳನ್ನು ಹಿಡಿದಿದ್ದ ಪಕ್ಕೆಲುಬಿನಂಥ ಬಾಗುಮರವೊಂದು ಸೀಳಿತ್ತು, ಅಲ್ಲಿಂದ ನೀರು ನುಗ್ಗುತ್ತಿತ್ತು. ಅವನು ಇಳಿದು ಗೂಟದ ಹಗ್ಗ ಬಿಚ್ಚತೊಡಗಿದ. ಅಪ್ಪನನ್ನು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ಮಾವ ಬಂದು ಅಂಗಡಿಯಲ್ಲಿ ಕುಳಿತು, ಬಟ್ಟೆಯಿಲ್ಲದ ಯಂತ್ರವನ್ನು ಸುಮ್ಮನೆ ತುಳಿಯತೊಡಗಿದರು. ಹಗ್ಗ ಕಟ್ಟಿದ್ದಾಗಲೇ ಹೀಗೆ, ಮಗ ನಡುನೀರಿನಲ್ಲಿದ್ದಿದ್ದರೆ ಎಂದು ಅವರು ಯೋಚಿಸುತ್ತಿದ್ದರೆಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ನಾನು ಆ ಪುಸ್ತಕ ಹಿಡಿದುಕೊಂಡೇ ಹೋಗಿ, ಮುಂದಿನ ಅಧ್ಯಾಯ ಓದದ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಕಾಲು ನಿಲ್ಲಿಸಲಿಲ್ಲ.

“ನೀನು ಓದಿದ್ದು ಒಂದು ಸಲ ಕಣಮ್ಮ. ತುರುಕಿದ್ದು ನಾನು, ಮೂರು ಸಲ.”

ಆ ವಾರದ ಕೊನೆಗೆ ಬಡಗಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮತ್ತೆ ಮಾಡಿನಡಿಗೆ ಬಂದಿದ್ದ ದೋಣಿಯ ಸಂದಿಯನ್ನು ನಡುಗುವ ಹೆಬ್ಬೆರಳಿನಿಂದ ಸವರಿ, ಮೀನಿನ ಪೆಟ್ಟಿಗೆಯ ಮೇಲೆ ಕುಳಿತರು.

“ಮಕ್ಕಳ ಬಟ್ಟೆಗೆ ಒಳಗಡೆ ಎಷ್ಟು ಬಿಡ್ತೀರಿ ಟೈಲರೇ?”

“ಎರಡು ಬೆರಳು.”

“ಯಾಕೆ?”

“ಬೆಳೀತಾವಲ್ಲ.”

“ಇದೂ ಬೆಳೀತದೆ. ಆರು ವರ್ಷ ಬಾಯಾರಿ ಬಿದ್ದಿರೋ ಮರ. ನೀರು ಕುಡಿದು ಉಬ್ಬೋಕೆ ಜಾಗ ಎಲ್ಲಿ ಬಿಟ್ಟಿದೀರಿ?”

ಮಾವನವರ ಮುಖ ನೋಡಲಾಗದೆ ನಾನು ಒಳಗೆ ಹೋದೆ. ಊರಿಗೆಲ್ಲ ಎರಡು ಬೆರಳು ಬಿಟ್ಟವರು, ಸ್ವಂತ ಮಗನ ವಿಷಯಕ್ಕೆ ಬಂದಾಗ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ತುಂಬಿದ ಹತ್ತಿಯನ್ನೆಲ್ಲ ಕೊಕ್ಕೆಯಿಂದ ಕಿತ್ತು ತೆಗೆದು, ಬಾಗುಮರ ಬದಲಿಸಿ, ಸಡಿಲವಾಗಿ ಒಂದೇ ಸುತ್ತು ತುಂಬುವಷ್ಟರಲ್ಲಿ ಹಂಗಾಮು ತೆರೆದು ಐದು ದಿನವಾಗಿತ್ತು. ಎರಡನೆಯ ಸಲ ನೀರಿಗಿಳಿಸಿದಾಗ ದೋಣಿ ಎಲ್ಲ ಕಡೆಯಿಂದಲೂ ಸೋರಿತು. ಅದು ಸೋರಲೇಬೇಕು, ಎರಡು ದಿನ ಯಾರೂ ಮುಟ್ಟಬಾರದು ಎಂದು ಬಡಗಿ ಕಟ್ಟಪ್ಪಣೆ ಮಾಡಿದರು. ದೋಣಿಯೊಳಗೆ ನೀರು ಮೊಳಕಾಲೆತ್ತರಕ್ಕೆ ಬಂದಾಗ ಮಾವ ಬಕೆಟ್ ಹಿಡಿದು ಎದ್ದರು. ಬಡಗಿ ಅದನ್ನು ಕಸಿದು, ಬೋರಲು ಹಾಕಿ, ಅದರ ಮೇಲೆ ಕುಳಿತುಬಿಟ್ಟರು. ಆ ಎರಡು ದಿನ ಮಾವ ದಂಡೆಯ ಮೇಲೆ ಕೋಟಿನ ಒಂದೇ ಗುಂಡಿಯನ್ನು ಹಾಕುತ್ತ ಬಿಚ್ಚುತ್ತ ಕಳೆದರು. ತಮ್ಮ ಕೈಯಿಂದ ತಡೆಯಬಹುದಾದದ್ದನ್ನು ತಡೆಯದೆ ಕುಳಿತಿರುವುದು ಅವರ ಬದುಕಿನ ಅತಿ ಕಷ್ಟದ ಹೊಲಿಗೆಯಾಗಿದ್ದಿರಬೇಕು.

ಮೂರನೆಯ ಬೆಳಿಗ್ಗೆ ನೀರೆತ್ತಿ ಹಾಕಿ ಒಂದು ಗಂಟೆ ಕಾದರು. ಮರ ಉಬ್ಬಿ ಸಂದಿಗಳು ತಾವೇ ಮುಚ್ಚಿಕೊಂಡು, ತಳ ಒಣಗಿತ್ತು. ಮತ್ತೊಂದು ಗಂಟೆ ಕಾಯಿಸಿದವರು ಮಾವ. ಮೈದುನ ಬಲೆ ತರಲು ಹೊರಟಾಗ ಅವರು ಕೋಟು ಹಾಕಿಕೊಂಡೇ ನೀರಿಗಿಳಿದು, ದೋಣಿಯ ಅಂಚು ಹಿಡಿದು, ಹೇಗೋ ಒಳಗುರುಳಿದರು. ಮೊದಲು ತಾವು ಕೂತು ನೋಡುವುದು, ಆಮೇಲೆ ಮಗ ಬಲೆ ಹಾಕುವುದು ಎಂಬುದು ಅವರ ತೀರ್ಮಾನ. ಅವರಿಗೆ ಈಜು ಬಾರದು.

“ದೋಣಿ ತಾನಾಗಿ ಮುಳುಗ್ದೇ ಇದ್ರೂ ಆ ಕೋಟಿನ ಭಾರಕ್ಕೆ ಮುಳುಗುತ್ತೆ, ಬಿಚ್ಚಿಟ್ಟಾದ್ರೂ ಹೋಗಿ,” ಎಂದು ಅತ್ತೆ ದಂಡೆಯಿಂದ ಕೂಗಿದರು.

ಮಗ ಹುಟ್ಟು ಹಾಕಿದ. ದೂರದ ಬಂಡೆಯವರೆಗೆ ಹೋಗಿ ಬಂದರು. ಹೋಗುವಾಗಲೂ ಬರುವಾಗಲೂ ಮಾವ ಕಡಲನ್ನು ನೋಡಲಿಲ್ಲ; ಬಾಗಿ ಕುಳಿತು, ಬಲಗೈಯನ್ನು ದೋಣಿಯ ತಳಕ್ಕೆ ಅಂಗೈ ಊರಿ ಇಟ್ಟುಕೊಂಡಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೂತವರ ಹಾಗೆ. ದಂಡೆಗೆ ಬಂದು ಆ ಅಂಗೈಯನ್ನು ಅತ್ತೆಯ ಮುಂದೆ ಹಿಡಿದರು. ಅದು ಒದ್ದೆಯಾಗಿತ್ತು. ಅತ್ತೆ ಗಾಬರಿಯಿಂದ ನೋಡಿದಾಗ ಅವರೆಂದರು:

“ಬೆವರು ಕಣೇ.”

ಮೈದುನ ಈಗಲೂ ಅದೇ ದೋಣಿಯಲ್ಲಿ ಹೋಗುತ್ತಾನೆ, ಅವನು ಬರುವ ಹೊತ್ತಿಗೆ ಕೋಟು ತೊಟ್ಟ ಒಂದು ಆಕೃತಿ ಈಗಲೂ ದಂಡೆಯಲ್ಲಿರುತ್ತದೆ. ಇಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ಬಾಳುವುದು ಸುಲಭವಲ್ಲ. ಅವರ ಆತಂಕ ಒಮ್ಮೊಮ್ಮೆ ತಾವು ಕಟ್ಟಿದ್ದನ್ನೇ ಸೀಳಿಬಿಡುತ್ತದೆ. ಆದರೂ, ನಾವು ಬೆಳೆಯುತ್ತೇವೆ, ಉಬ್ಬುತ್ತೇವೆ, ಅವರು ತೆಗೆದುಕೊಂಡ ಅಳತೆಯನ್ನು ಒಂದು ದಿನ ಮೀರುತ್ತೇವೆ ಎಂದು ನಮಗಿಂತ ಮೊದಲೇ ಬಲ್ಲವರು ಅವರು. ಅದಕ್ಕಾಗಿ ಒಳಗೆ, ಯಾರೂ ತಿರುವಿ ನೋಡದ ಕಡೆ, ತುಸು ಬಟ್ಟೆ ಬಿಟ್ಟಿರುತ್ತಾರೆ. ಅದರ ಗುರುತು ನಮಗೆ ಸಿಗುವುದು ಹೊಲಿಗೆ ಬಿಚ್ಚುವ ದಿನವೇ.