ಮೆಲ್ಲಗೆ ಹೇಳಿದ ಮಾತು

"ಹಾಳು ಮೀನು ಅಂತ ಗೊತ್ತಿತ್ತಲ್ಲ ನಿಂಗೆ? ಬಾಯಲ್ಲಿ ಎಂತ ಅವಲಕ್ಕಿ ತುಂಬ್ಕಂಡಿದ್ಯ?"

ದೇವರಾಜ ಬಂಗಡೆ ಮೀನಿನ ಪೆಟ್ಟಿಗೆಯನ್ನು ಅಕ್ಕ ಮಂಜಿಯ ಕಾಲ ಬುಡಕ್ಕೆ ತಳ್ಳಿದ. ಕುಮಟೆಯ ಹೋಟೆಲಿನವರು ಮೂಸಿ ನೋಡಿ, ಗಾಡಿಯಿಂದ ಇಳಿಸಲೂ ಬಿಡದೆ ವಾಪಸು ಕಳಿಸಿದ್ದರು.

"ಹೇಳಿದ್ದೆ," ಅಂದಳು ಮಂಜಿ. "ಹರಾಜಲ್ಲೇ ಹೇಳಿದ್ದೆ. ಮೇಲಿಂದು ಮಾತ್ರ ತಾಜಾ, ಅಡಿಗಿದ್ದದ್ದು ಬಿಳಚಿದೆ ಅಂತ."

"ಅದು ಹೇಳಿದ್ದಾ? ಸೊಳ್ಳೆ ಗುಂಯ್ ಅಂದಂಗೆ!"

ಹೊನ್ನಾವರದ ಬಂದರಿನಲ್ಲಿ ಹದಿನೆಂಟು ವರ್ಷದಿಂದ ಹೀಗೇ ನಡೆದಿತ್ತು. ಕಿವಿರು ಎತ್ತಿ ನೋಡುವವಳು ಮಂಜಿ, ಹರಾಜಲ್ಲಿ ಬೆಲೆ ಕೂಗಿ ಕೊಳ್ಳುವವನು ದೇವರಾಜ. ಮೀನು ಒಳ್ಳೆಯದಾದರೆ ಹೊಗಳಿಕೆ ಅವನ ಕಣ್ಣಿಗೆ, ಕೆಟ್ಟದಾದರೆ ಬೈಗುಳ ಅವಳ ತಲೆಗೆ. ಮೊದಲ ವರ್ಷ ಒಮ್ಮೆ ಅವಳೇ ಕೂಗಿ, ಕೊಳೆತ ಮೀನಿನ ಬುಟ್ಟಿ ಕೊಂಡಿದ್ದಳು. ಬಂದರೆಲ್ಲ ನಕ್ಕಿತ್ತು. ನಕ್ಕವರು ಸಂಜೆಗೆ ಮರೆತರು, ಇವಳು ಮರೆಯಲಿಲ್ಲ. ಮೀನು ಕೊಯ್ಯುವಾಗ, ಐಸು ಒಡೆಯುವಾಗ, "ಮಂಡೆ ಇಲ್ದೋಳು, ನಂಗೆ ಎಂತ ತಿಳೀತದೆ" ಎಂದು ತನ್ನನ್ನೇ ಬಯ್ದುಕೊಳ್ಳುವುದು. ಇನ್ನೊಬ್ಬರು ಬಯ್ಯುವ ಮೊದಲೇ ತಾನೇ ಬಯ್ದುಕೊಂಡರೆ ಉರಿ ಕಡಿಮೆ ಅಂದುಕೊಂಡಿದ್ದಳು, ಹುಚ್ಚಿ.

"ನನ್ನ ಮಾತು ನಂಬೂಕಾಗಿತ್ತು ನೀನು."

"ಎಂತಕ್ಕೆ ನಂಬೂದು? ಮಂಡೆ ಇಲ್ಲ, ಮಂಡೆ ಇಲ್ಲ ಅಂತ ದಿನಾ ನೀನೇ ಹೇಳ್ತೆ. ನಾನೂ ಅದನ್ನೇ ಹೇಳೂದು."

ಮಂಜಿಗೆ ಕೆನ್ನೆಗೆ ಹೊಡೆದಂತಾಯಿತು. ಮಾತು ನಿಜ. ಅದನ್ನು ಅವನ ಬಾಯಿಗೆ ಹಾಕಿದವಳು ತಾನೇ. ಬಗ್ಗಿ ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ ಅವನ ಮುಖಕ್ಕೆ ಹಿಡಿದಳು.

"ನೋಡು. ಇಲ್ಲಿ ಕೆಂಪಿರ್ಬೇಕು. ಹದಿನೆಂಟು ವರ್ಷ ನೋಡಿದವಳು ನಾನು. ನಂಗೆ ತಿಳೀತದೆ."

ದನಿ, ಪಕ್ಕದಲ್ಲಿ ಸಿಗಡಿ ಸುಲಿಯುತ್ತಿದ್ದ ದುರ್ಗಮ್ಮ ತಲೆ ಎತ್ತಿ ನೋಡುವಷ್ಟು ಜೋರಿತ್ತು.

"ಓಹೋ! ಹಂಗಾರೆ ನಾಳೆ ನೀನೇ ಕೂಗು ಹರಾಜು," ದೇವರಾಜ ಹಲ್ಲು ಕಿರಿದ.

"ಕೂಗ್ತೇನೆ. ನಿಂಗೋಸ್ಕರ ಅಲ್ಲ, ನನ್ನದೇ ವ್ಯಾಪಾರಕ್ಕೆ."

ಒಳಗಿನ ಹಳೇ ಬೈಗುಳ ಸುಮ್ಮನಾಗಲಿಲ್ಲ. ಎಲ್ಲ ನಗ್ತಾರೆ, ಮತ್ತೆ ಕೊಳೆತದ್ದೇ ಹಿಡೀತೆ ಅಂದಿತು. ಹಿಡಿದ್ರೆ ಹಿಡೀತೇನೆ, ಅದರ ಮರುದಿನ ಮತ್ತೆ ಕೂಗ್ತೇನೆ ಎಂದು ಅದಕ್ಕೂ ಉತ್ತರ ಕೊಟ್ಟಳು. ಕೈ ತೊಳೆದು, ತನ್ನ ಕತ್ತಿಯನ್ನು ಬುಟ್ಟಿಗೆ ಹಾಕಿಕೊಂಡು ಎದ್ದಳು.

"ಅಕ್ಕಾ, ಈ ಪೆಟ್ಟಿಗೆ ಯಾರು ತೊಳೆಯೂದು?"

ಅವಳು ತಿರುಗಲಿಲ್ಲ. "ಹೊಟ್ಟೆ ಹಸಿದ್ರೆ ಬತ್ತದೆ, ಎಲ್ಲಿಗೆ ಹೋಗ್ತದೆ" ಎಂದು ದೇವರಾಜ ದುರ್ಗಮ್ಮನಿಗೆ ಕೇಳುವಂತೆ ಅಂದ. ಹೊತ್ತು ಇಳಿಯುವವರೆಗೆ ಕಾದು, ನಾರುತ್ತಿದ್ದ ಪೆಟ್ಟಿಗೆಯನ್ನು ಅವನೇ ತೊಳೆದ. ಮಂಜಿ ಆವತ್ತು ಬರಲಿಲ್ಲ, ಆಮೇಲೂ ಅವನ ಕೆಲಸಕ್ಕೆ ಬರಲಿಲ್ಲ.