ದೊಡ್ಡವೆಂಕಟಮ್ಮನ ಜಾಡಿ

ಚನ್ನರಾಯಪ್ಪ ಕೂಡಿಸಿದ ಪಿಂಗಾಣಿಯ ಮೇಲೆ ಟೇಕಲ್ ಬೆಟ್ಟವನ್ನೇ ತಂದಿಟ್ಟರೂ ಬಿರುಕು ಬಿಡುವುದು ಬೆಟ್ಟವೇ. ಅವನು ಅಂಟಿಸಿದ ಬಟ್ಟಲಿನಲ್ಲಿ ಸೀಳು ಹುಡುಕಲು ಹೋಗಿ ಮುಳಬಾಗಿಲಿನ ಒಬ್ಬ ಅಕ್ಕಸಾಲಿಗ ಕನ್ನಡಕ ಬದಲಾಯಿಸಿದ, ಇನ್ನೊಬ್ಬ ಕಸುಬನ್ನೇ ಬಿಟ್ಟ. ಬೈರಕೂರಿನ ಸುನಂದಳ ಅಡುಗೆಮನೆಯಲ್ಲಿ ಜಾಡಿಗೆ ಸುತ್ತಿದ್ದ ಗೋಣಿ ಬಿಚ್ಚುತ್ತ ಚನ್ನರಾಯಪ್ಪನೇ ಇದನ್ನೆಲ್ಲ ಪಿಸುಗುಟ್ಟುತ್ತಿದ್ದ. ಅತ್ತೆ ದೊಡ್ಡವೆಂಕಟಮ್ಮ ಜಗುಲಿಯಲ್ಲೇ ಇದ್ದಳು.

ಜಾಡಿ ಅವಳ ತವರಿನದು. ಉಪ್ಪಿನಕಾಯಿ ಹಾಕುವ ಕೆಲಸವನ್ನು ಅವಳು ಇಷ್ಟು ವರ್ಷ ಯಾರಿಗೂ ಬಿಟ್ಟವಳಲ್ಲ. ಈ ಸಲ ಹಿರಿಯ ಸೊಸೆ ರಮಾದೇವಿಯನ್ನು ದಾಟಿ ಕಿರಿಯವಳಾದ ಸುನಂದಳಿಗೆ ಜಾಡಿ ಕೊಟ್ಟಿದ್ದಳು. ತೊಳೆಯುವಾಗ ಅದು ಕೈಜಾರಿ ನಾಲ್ಕು ಹೋಳಾಯಿತು. ಹೊಳಪು ಕೊಡಿಸಲು ಕಳಿಸಿದ್ದೇನೆಂದು ಸುನಂದ ಅತ್ತೆಗೆ ಸುಳ್ಳು ಹೇಳಿದ್ದಳು. ಈಗ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿ ಆಗಿತ್ತು. ಬೋಗುಣಿಯಲ್ಲಿ ಹೋಳು ನೀರು ಬಿಡುತ್ತಿತ್ತು.

ಸುನಂದ ಜಾಡಿಯನ್ನು ಬೆಳಕಿಗೆ ತಿರುಗಿಸಿದಳು. ಬಣ್ಣದ ಕೆಳಗೆ ಬೆಸುಗೆ ಎಲ್ಲಿ ಅಡಗಿದೆಯೋ ತಿಳಿಯಲಿಲ್ಲ. ಇನ್ನೇನು ನಗಬೇಕು, ಹೊಸ್ತಿಲಲ್ಲಿ ಕೋಲಿನ ಸದ್ದಾಯಿತು.

"ಅಣ್ಣಾ, ನಮ್ಮತ್ತೆಗೆ ಕಣ್ಣು ಕಾಣಲ್ಲ," ಎಂದಳು ಮೆಲ್ಲಗೆ.

ಹಾಗಾದರೆ ಕೆಲಸ ಇನ್ನೂ ಸಲೀಸು ಎಂದುಕೊಂಡ ಚನ್ನರಾಯಪ್ಪ. ಮುದುಕಿ ಕೂತು, ಜಾಡಿಯನ್ನು ತಡವಿ, ಬೆರಳು ಮಡಿಸಿ ಗೆಣ್ಣಿನಿಂದ ತಟ್ಟಿದಳು. ಆ ಸೀಮೆಯಲ್ಲಿ ಜಾಡಿಯನ್ನು ತಟ್ಟಿ ನೋಡದೆ ಯಾರೂ ಕಾಯಿ ತುಂಬುವುದಿಲ್ಲ. ಗಟ್ಟಿ ಜಾಡಿಯಾದರೆ ಗಂಟೆಯ ಹಾಗೆ ಮೊಳಗಬೇಕು. ಇದು ಬೊದ್ ಎಂದಿತು. ವಾರವೆಲ್ಲ ಬಣ್ಣ ಬಳಿದವನು ತಾನು ಒಮ್ಮೆಯೂ ತಟ್ಟಿರಲಿಲ್ಲ.

"ಏಮಯ್ಯಾ, ಇದ್ಯಾಕೆ ಹಿಂಗಂತೈತೆ?"

"ತೊಳೆಯುವಾಗ ನೀರು ಕುಡ್ದೈತಮ್ಮಾ. ಎರಡು ದಿನಕ್ಕೆ ಗಂಟಲು ಬಿಡ್ತದೆ."

ಮುದುಕಿ ನಗಲಿಲ್ಲ. "ಹಂಗಾದ್ರೆ ತುಂಬು ಸುನಂದಾ. ವರ್ಷದ ಕಾಯಿ."

ಸುನಂದ ಬೊಗಸೆ ತುಂಬ ಹೋಳೆತ್ತಿದಳು. ಸುಮ್ಮನಿರು ಎಂದು ಅವಳ ಕಣ್ಣು ಬೇಡುತ್ತಿತ್ತು. ಸುಮ್ಮನಿದ್ದರೆ ಆಷಾಢದೊಳಗೆ ಉಪ್ಪು ಅಂಟನ್ನು ತಿಂದು, ಇಡೀ ಮನೆಯ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತಿತ್ತು. ಚನ್ನರಾಯಪ್ಪ ಜಾಡಿಯ ಬಾಯಿಗೆ ಅಂಗೈ ಅಡ್ಡ ಇಟ್ಟ.

"ಬೇಡ ತಾಯಿ. ಇದು ಒಡೆದಿತ್ತಮ್ಮಾ, ಅಂಟಿಸಿದ್ದೀನಿ. ಬರೀ ನೋಡೋಕೆ. ಉಪ್ಪು ತಡೆಯೋ ಹಂಗೆ ಕೂಡಿಸೋಕೆ ನಂಗೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

ದೊಡ್ಡವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಂಡು, ರಮಾದೇವಿಯನ್ನು ಕರೆ ಎಂದಳು. ಬೈಯಲಿಲ್ಲ.

ಸುನಂದ ಏಳಲಿಲ್ಲ. ಬೊಗಸೆಯ ಸಂದಿನಿಂದ ಉಪ್ಪುನೀರು ಅವನ ಮುಂಗೈ ಮೇಲೆ ತೊಟ್ಟಿಕ್ಕುತ್ತಿತ್ತು.