ಭಾವನ ಬೆನ್ನಿಗೆ ಎಂಟು ಪದರ

ಗೋಂದು ಎಂಬ ಅಡ್ಡಹೆಸರನ್ನು ಅವಳಿಗೆ ಇಟ್ಟವಳು ಅವಳ ಅಕ್ಕ. ಚಿಕ್ಕಂದಿನಲ್ಲಿ ಮನೆಯಲ್ಲಿ ಮುರಿದದ್ದನ್ನೆಲ್ಲ ಅಂಟಿಸಿ ಕೂರಿಸುವುದೇ ಅವಳ ಆಟವಾಗಿತ್ತು. ಬಟ್ಟಲಿನ ಹಿಡಿ, ಗೊಂಬೆಯ ಕಾಲು, ಅಪ್ಪನ ಕನ್ನಡಕದ ಕಡ್ಡಿ ಎಲ್ಲವೂ ಅವಳ ಕೈಯಲ್ಲಿ ಮರುಹುಟ್ಟು ಪಡೆದಿದ್ದವು. ಒಮ್ಮೆ ಅಕ್ಕನ ಜಡೆಯನ್ನು ಕುರ್ಚಿಗೆ ಅಂಟಿಸಿ ಅಮ್ಮನಿಂದ ಚೆನ್ನಾಗಿ ಬೈಸಿಕೊಂಡಿದ್ದೂ ಉಂಟು. ದೊಡ್ಡವಳಾದ ಮೇಲೆ ಅದೇ ಕೆಲಸಕ್ಕೆ ಸಂಬಳ ಬರತೊಡಗಿತು. ಈಗ ಅವಳು ಕಾಂಪೋಸಿಟ್ ವಸ್ತುಗಳ ರಸಾಯನಶಾಸ್ತ್ರಜ್ಞೆ. ಕೂದಲಿಗಿಂತ ತೆಳುವಾದ ಕಾರ್ಬನ್ ಎಳೆಗಳನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಸಿ ಬೇಯಿಸಿದರೆ ಉಕ್ಕಿಗೆ ಸೆಡ್ಡು ಹೊಡೆಯುವ ವಸ್ತು ಸಿಗುತ್ತದೆ. ಎಳೆಗಳನ್ನು ಯಾವ ದಿಕ್ಕಿಗೆ ಹಾಸುತ್ತೇವೆ ಎನ್ನುವುದರ ಮೇಲೆ ಅದು ಎಲ್ಲಿ ಸೆಟೆದು ನಿಲ್ಲಬೇಕು, ಎಲ್ಲಿ ಬಳುಕಬೇಕು ಎನ್ನುವುದು ತೀರ್ಮಾನವಾಗುತ್ತದೆ. ಆ ತೀರ್ಮಾನ ತನ್ನ ಕೈಯಲ್ಲಿದೆ ಎನ್ನುವುದೇ ಗೋಂದುವಿನ ಹೆಮ್ಮೆ.

ಆ ಹೆಮ್ಮೆಗೆ ಅಡ್ಡಗಾಲು ಹಾಕಿದವರು ಭಾವ, ಅಂದರೆ ಅಕ್ಕನ ಗಂಡ. ಊರಿಗೆಲ್ಲ ಹೆಸರಾದ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರು. ಗೂಟ ನುಂಗಿದವರಂತೆ ನೇರವಾಗಿ ನಡೆಯುವ ಮನುಷ್ಯ. ಊಟದ ಮೇಜಿನಲ್ಲಿ ಯಾರ ಭುಜ ಕೊಂಚ ಬಾಗಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಅವರ ಆಸ್ಪತ್ರೆಯನ್ನೂ ಗೋಂದುವಿನ ಪ್ರಯೋಗಾಲಯವನ್ನೂ ಒಂದು ಉದ್ದನೆಯ ಗಾಜಿನ ಓಣಿ ಜೋಡಿಸುತ್ತಿತ್ತು. ಸಂಬಂಧ ಮನೆಯಲ್ಲೇ ಇದ್ದದ್ದರಿಂದ ಸಂಶೋಧನೆಯನ್ನೂ ಒಟ್ಟಿಗೆ ಮಾಡೋಣ ಎಂದು ಇಬ್ಬರೂ ಹೊರಟಿದ್ದರು. ಮುರಿದ ಇಲ್ಲವೇ ಸೊಟ್ಟಗಾದ ಬೆನ್ನಿಗೆ ಆಸರೆಯಾಗಿ ಕೂರಿಸುವ ಲೋಹದ ಸರಳುಗಳ ಬದಲಿಗೆ ಕಾರ್ಬನ್ ಸರಳು ತಯಾರಿಸುವುದು ಅವರ ಗುರಿ. ಲೋಹದ ಸರಳು ಸ್ಕ್ಯಾನ್ ಚಿತ್ರದಲ್ಲಿ ದೊಡ್ಡ ನೆರಳು ಚೆಲ್ಲಿ ಹಿಂದಿರುವ ಮೂಳೆಯನ್ನು ಮುಚ್ಚಿಬಿಡುತ್ತದೆ. ಕಾರ್ಬನ್ನಿಗೆ ಆ ಕಾಟವಿಲ್ಲ.

ಅಲ್ಲಿಯವರೆಗೆ ಇಬ್ಬರದೂ ಒಂದೇ ಮಾತು. ಜಗಳ ಹತ್ತಿದ್ದು ಸರಳು ಎಷ್ಟು ಬಿಗಿಯಾಗಿರಬೇಕು ಎನ್ನುವುದಕ್ಕೆ. ಭಾವನಿಗೆ ಎಳೆಗಳ ಎಂಟು ಪದರಗಳನ್ನೂ ಉದ್ದುದ್ದಕ್ಕೆ ಹಾಸಿದ, ಈ ತುದಿಯಿಂದ ಆ ತುದಿಯವರೆಗೆ ಮಿಸುಕಾಡದ ಸರಳು ಬೇಕು. ಮೇಲಿನ ತುದಿಗೆ ಬರುವಷ್ಟರಲ್ಲಿ ಪದರಗಳನ್ನು ಒಂದೊಂದಾಗಿ ಕಡಿಮೆ ಮಾಡಿ ಸರಳನ್ನು ಮೆದುಗೊಳಿಸಬೇಕೆಂಬುದು ಗೋಂದುವಿನ ವಾದ. ಇಲ್ಲದಿದ್ದರೆ ಸರಳು ಮುಗಿಯುವ ಕಡೆ ಎಲ್ಲ ಭಾರವೂ ಅದರ ಮೇಲಿನ ಮೂಳೆಯ ಮೇಲೆ ಬೀಳುತ್ತದೆ. ಅವಳ ಪರೀಕ್ಷಾ ಯಂತ್ರದಲ್ಲಿ ಭಾವ ಹೇಳಿದಂಥ ಸರಳು ಹೊತ್ತ ಒಂದು ಪ್ಲಾಸ್ಟಿಕ್ ಬೆನ್ನುಮೂಳೆ ಹಗಲಿಡೀ ಬಾಗಿ ಏಳುತ್ತಿತ್ತು. ಪ್ರತಿ ಸಲವೂ ಸರಳಿನ ತುದಿಗೆ ಸರಿಯಾಗಿ ಮೇಲಿರುವ ಮೂಳೆಯ ಮಣಿಯೇ ಬಿರುಕು ಬಿಡುತ್ತಿತ್ತು. ಭಾವ ಬಂದು ನೋಡಿ, ಪ್ಲಾಸ್ಟಿಕ್ ಕಳಪೆ ಎಂದು ಹೇಳಿ ಹೋಗುತ್ತಿದ್ದರು. ಬೇರೆ ಪ್ಲಾಸ್ಟಿಕ್ ತರಿಸಿದಳು. ಅದೂ ಅಲ್ಲೇ ಬಿರಿಯಿತು. ಅದೂ ಕಳಪೆಯೇ ಎಂದರು.

ಹೀಗಿರುವಾಗ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಬರುವ ದಿನ ಹತ್ತಿರವಾಯಿತು. ಅದಕ್ಕೆ ತಯಾರಿ ಮಾಡಲು ಪ್ರಯೋಗಾಲಯಕ್ಕೆ ಬಂದಿದ್ದ ಭಾವ, ಮೇಜಿನ ಕೆಳಗೆ ಉರುಳಿದ ಒಂದು ಸಣ್ಣ ಸ್ಕ್ರೂ ಎತ್ತಿಕೊಳ್ಳಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಏನನ್ನೋ ಹುಡುಕುತ್ತಿದ್ದಾರೆ ಎಂದುಕೊಂಡು ಗೋಂದು ತನ್ನ ಪಾಡಿಗೆ ರಾಳ ಕಲೆಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೇಜಿನ ಕೆಳಗಿನಿಂದ ಮೆಲ್ಲಗೆ ಒಂದು ದನಿ ಬಂತು.

"ಗೋಂದು, ಬಾಗಿಲು ಹಾಕು."

ಸೊಂಟ ಹಿಡಿದುಕೊಂಡಿತ್ತು. ಬಾಗಿಲು ಹಾಕಿ, ಅವರನ್ನು ಹೇಗೋ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸುವಷ್ಟರಲ್ಲಿ ಅವಳಿಗೆ ಬೆವರಿಳಿಯಿತು. ಕಾಲಿಗೆ ಜೋಮು ಹಿಡಿದಿಲ್ಲ, ನರಕ್ಕೇನೂ ಆಗಿಲ್ಲ, ಬರೀ ಸ್ನಾಯು ಎಂದು ಅವರೇ ತಮ್ಮನ್ನು ಪರೀಕ್ಷಿಸಿಕೊಂಡರು. ಅವರ ಚಿಂತೆ ನೋವಿನದ್ದಲ್ಲ. ಅಕ್ಕ ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮದುವೆಯಾದಾಗಿನಿಂದ ಗಂಡನಿಗೆ ದಿನಾ ಬೆಳಿಗ್ಗೆ ವ್ಯಾಯಾಮ ಮಾಡಿ ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಬೆನ್ನು ಎಂದರೇನೆಂದು ತನಗೆ ಹೇಳಿಕೊಡಬೇಕಿಲ್ಲ ಎಂಬುದು ಅವರ ಉತ್ತರವಾಗಿತ್ತು. ಈಗ ಆಸ್ಪತ್ರೆಯ ಅಂಗಡಿಯಿಂದ ಒಂದು ಸೊಂಟದ ಪಟ್ಟಿ ಕೊಂಡರೂ ಸಾಕು, ಸುದ್ದಿ ಅವರಿಗಿಂತ ಮೊದಲು ಮನೆ ಸೇರುತ್ತಿತ್ತು.

"ಅಂಗಿಯೊಳಗೆ ಕಾಣದ ಹಾಗೆ ತೆಳ್ಳಗೆ ಒಂದು ಕವಚ ಮಾಡ್ಕೊಡು. ಸಮಿತಿ ಮುಂದೆ ನಾನು ನಿಂತು ಮಾತಾಡ್ಬೇಕು. ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ," ಎಂದರು.

ಹೇಳುವುದಿಲ್ಲ ಎಂದು ಗೋಂದು ಮಾತು ಕೊಟ್ಟಳು. ಆ ವಾರದ ಶಸ್ತ್ರಚಿಕಿತ್ಸೆಗಳನ್ನೆಲ್ಲ ಭಾವ ಸಮಿತಿಯ ನೆಪ ಹೇಳಿ ಸಹೋದ್ಯೋಗಿಗೆ ವಹಿಸಿದರು. ಗೋಂದು ಅವರ ಮೈಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಒದ್ದೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆದಳು. ತಣ್ಣನೆಯ ಪ್ಲಾಸ್ಟರ್ ಬಗಲಿಗೆ ತಾಗಿದಾಗ ಅವರಿಗೆ ಕಚಗುಳಿಯಾಯಿತು, ನಕ್ಕರೆ ನೋವಾಯಿತು. ಗೋಂದುವಿಗೆ ಎರಡನೇ ಸಲ ಬಳಿಯಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಬಳಿದಳು.

ಅಚ್ಚು ಒಣಗುತ್ತಿದ್ದಾಗ, ಕವಚ ಎಲ್ಲಿ ಬಿಗಿಯಾಗಿರಬೇಕು, ಎಲ್ಲಿ ಮೆದುವಾಗಿರಬೇಕು ಎಂದು ಕೇಳಿದಳು. ಮೇಲಿನ ಅಂಚನ್ನಾದರೂ ಸ್ವಲ್ಪ ಬಳುಕುವಂತೆ ಮಾಡಲೇ ಎಂದೂ ಕೇಳಿದಳು.

"ಬಳುಕೋದು ಗಿಳುಕೋದು ಏನೂ ಬೇಡ. ಎಂಟು ಪದರ, ಎಲ್ಲಾ ಉದ್ದಕ್ಕೆ. ನನ್ನ ಸರಳಿನ ಹಾಗೇ ಇರ್ಲಿ."

ಇನ್ನೊಂದು ಸಲ ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ಗೋಂದು ಕೇಳಲಿಲ್ಲ. ಸರಿ ಭಾವ, ನೀವು ಹೇಳಿದ ಹಾಗೇ ಆಗಲಿ ಎಂದು ವಿಧೇಯಳಾಗಿ ತಲೆಯಾಡಿಸಿದಳು. ಅವಳ ವಿಧೇಯತೆಯನ್ನು ಕಂಡು ಅಕ್ಕನಾಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದಳು. ಭಾವನಿಗೆ ಅಷ್ಟು ಪರಿಚಯ ಸಾಲದು.

ಕವಚ ಎರಡು ಹೋಳಾಗಿ ತಯಾರಾಯಿತು, ಮುಂದೊಂದು, ಹಿಂದೊಂದು. ಬದಿಗಳಲ್ಲಿ ಬಿಗಿಯಲು ಪಟ್ಟಿಗಳು. ಪಟ್ಟಿಗಳನ್ನು ಅವಳು ಗುಂಡು ತಡೆಯುವ ಜಾಕೆಟ್ಟಿಗೆ ಬಳಸುವ ಎಳೆಯಿಂದ ಹೆಣೆದಿದ್ದಳು. ಮಾಮೂಲಿ ಕತ್ತರಿಗೆ ಅದು ಜಗ್ಗುವುದಿಲ್ಲ. ಸಮಿತಿ ಬಂದ ದಿನ ಬೆಳಿಗ್ಗೆ ಪ್ರಯೋಗಾಲಯದಲ್ಲೇ ಭಾವ ಅದನ್ನು ತೊಟ್ಟು, ಮೇಲೆ ಅಂಗಿ, ಕೋಟು ಹಾಕಿಕೊಂಡರು. ನೋವು ಮಾಯವಾಗಿತ್ತು. ಕನ್ನಡಿಯ ಮುಂದೆ ನಿಂತು, ಈ ಕವಚವನ್ನು ಮೊದಲೇ ಮಾಡಿಸಿಕೊಳ್ಳಬೇಕಿತ್ತು ಎಂದರು.

ಸಭೆಯಲ್ಲಿ ಗೋಂದು ಹಿಂದಿನ ಸಾಲಿನಲ್ಲಿ ಕುಳಿತಳು. ಭಾವನ ಮಾತು ಚೆನ್ನಾಗಿಯೇ ನಡೆಯಿತು. ನಡುವೆ ಸಮಿತಿಯ ಅಧ್ಯಕ್ಷೆಯ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಸರಿಯಾಗಿ ಭಾವನ ಬೂಟಿನ ಮುಂದೆ. ವಯಸ್ಸಾದ ಹೆಂಗಸು, ಗೌರವದ ವಿಷಯ, ಎಲ್ಲರ ಕಣ್ಣೂ ಅವರ ಮೇಲೆ. ಭಾವ ಒಂದು ಗಳಿಗೆ ಕನ್ನಡಕವನ್ನೇ ದಿಟ್ಟಿಸಿದರು. ಆಮೇಲೆ ಮಂಡಿ ಮಡಿಸಿ, ಬೆನ್ನು ಕೂದಲೆಳೆಯಷ್ಟೂ ಬಾಗದಂತೆ, ಲಿಫ್ಟು ಇಳಿಯುವ ಹಾಗೆ ನೆಟ್ಟಗೆ ಕೆಳಗಿಳಿದರು. ಕೈಯಿಂದ ತಡಕಾಡಿ ಕನ್ನಡಕ ಎತ್ತಿದರು. ಹಾಗೆಯೇ ನೆಟ್ಟಗೆ ಮೇಲೆ ಬಂದರು.

ಸಭೆ ಬೆರಗಾಯಿತು. ಬೆನ್ನಿನ ತಜ್ಞರೆಂದರೆ ಹೀಗಿರಬೇಕು, ನಾವೆಲ್ಲ ಬಗ್ಗುವುದೇ ತಪ್ಪು ಎಂದು ಅಧ್ಯಕ್ಷೆ ಎಲ್ಲರಿಗೂ ಕೇಳುವಂತೆ ಹೇಳಿದರು. ಚಹಾದ ಹೊತ್ತಿನಲ್ಲಿ ಇಬ್ಬರು ಪ್ರಾಧ್ಯಾಪಕರು ಮೂಲೆಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದರು. ಒಬ್ಬರು ಇಳಿದವರು ಏಳಲಾರದೆ ಇನ್ನೊಬ್ಬರ ಕೈ ಹಿಡಿದುಕೊಂಡರು. ಮೂರನೆಯವರು ಮೆಚ್ಚುಗೆಯಿಂದ ಭಾವನ ಬೆನ್ನು ತಟ್ಟಿದರು. ಬಾಗಿಲು ಬಡಿದಂತೆ ಟಕ್ ಎಂದು ಸದ್ದಾಯಿತು. ಅವರು ತಮ್ಮ ಅಂಗೈ ಉಜ್ಜಿಕೊಳ್ಳುತ್ತ, ಇದಪ್ಪಾ ಬೆನ್ನು ಎಂದುಕೊಂಡು ಹೋದರು. ಗೋಂದು ನಗು ತಡೆಯಲಾರದೆ ಬಿಸ್ಕತ್ತಿನ ತಟ್ಟೆಯ ಕಡೆ ಮುಖ ತಿರುಗಿಸಿದಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಭಾವ ಪ್ರಯೋಗಾಲಯಕ್ಕೆ ಬಂದರು. ಮುಖ ಬಾಡಿತ್ತು. ಸೊಂಟ ಹಾಯಾಗಿದೆ, ಆದರೆ ನೋವು ಮೇಲೆ ಹತ್ತಿದೆ ಎಂದರು.

"ಎಲ್ಲಿ ಭಾವ? ಸರಿಯಾಗಿ ಬೆರಳಿಟ್ಟು ತೋರ್ಸಿ."

ಅವರು ಕೈ ಹಿಂದೆ ತಿರುಗಿಸಿ, ಕವಚದ ಅಂಚು ಮುಗಿಯುವಲ್ಲಿಂದ ಒಂದು ಬೆರಳು ಮೇಲೆ, ಭುಜದ ಎರಡು ರೆಕ್ಕೆಮೂಳೆಗಳ ನಡುವೆ ತೋರಿಸಿದರು. ಅವಳು ಅವರ ಭುಜ ಹಿಡಿದು ಮೆಲ್ಲಗೆ ಪರೀಕ್ಷಾ ಯಂತ್ರದ ಕಡೆಗೆ ತಿರುಗಿಸಿದಳಷ್ಟೆ. ಅಲ್ಲಿ ಪ್ಲಾಸ್ಟಿಕ್ ಬೆನ್ನುಮೂಳೆ ನಿಂತಿತ್ತು. ಸರಳಿನ ತುದಿಗೆ ಸ್ವಲ್ಪ ಮೇಲೆ, ಮಣಿಯಲ್ಲಿ ಸಣ್ಣ ಬಿರುಕು.

ಭಾವ ಅದನ್ನು ನೋಡಿದರು. ತಮ್ಮ ಬೆರಳು ಇನ್ನೂ ಬೆನ್ನ ಮೇಲೇ ಇರುವುದು ಅವರಿಗೆ ನಿಧಾನವಾಗಿ ಅರಿವಾಯಿತು. ಹಟವಾದಿಯೇ ಹೌದು, ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವ ಮನುಷ್ಯನಲ್ಲ. ಯಾವತ್ತೋ ಆಪರೇಶನ್ ಮಾಡಿ ಕಳಿಸಿದ್ದ ಒಬ್ಬಿಬ್ಬರು ರೋಗಿಗಳು ಆಮೇಲೆ ಬಂದು ನೋವು ಮೇಲೆ ಹತ್ತಿದೆ ಎಂದು ಇದೇ ಮಾತಿನಲ್ಲಿ ಹೇಳಿದ್ದರಂತೆ. ಅದು ವಯಸ್ಸಿನಿಂದ ಎಂದು ತಾವು ಸಮಾಧಾನ ಹೇಳಿ ಕಳಿಸಿದ್ದನ್ನು ಅವರೇ ಮೆತ್ತಗೆ ಹೇಳಿಕೊಂಡರು. ಆ ಹೊತ್ತಿಗೆ ಗೋಂದುವಿನ ತುಂಟತನ ಸ್ವಲ್ಪ ಇಳಿಯಿತು. ಕುಳಿತುಕೊಳ್ಳಿ ಭಾವ ಎಂದಳು. ಕುಳಿತುಕೊಳ್ಳಲು ಅವರಿಂದ ಆಗುವಂತಿರಲಿಲ್ಲ.

ಬಿಚ್ಚೋಣವೆಂದರೆ ಎರಡೂ ಬದಿಯ ಪಟ್ಟಿಗಳ ಕೊಂಡಿ ಕಚ್ಚಿಕೊಂಡಿತ್ತು. ಚಹಾ ಕುಡಿದ ಮೇಲೆ ಭಾವ ಯಾರಿಗೂ ಕಾಣದಂತೆ ಪಟ್ಟಿಗಳನ್ನು ಇನ್ನಷ್ಟು ಎಳೆದಿದ್ದರಂತೆ. ಮೇಜಿನ ಮೇಲಿದ್ದ ಕತ್ತರಿಯಲ್ಲಿ ಅವರೇ ಕತ್ತರಿಸಲು ಹೋದರು, ಕತ್ತರಿ ಪಟ್ಟಿಯನ್ನು ಬರೀ ಅಗಿಯಿತು. ಬೇರೆ ಏನಾದರೂ ತರುತ್ತೇನೆ ಎಂದು ಗೋಂದು ಹೊರಗೆ ಹೋದಳು. ಗಾಜಿನ ಓಣಿಯಲ್ಲಿ ನಿಂತು ಫೋನ್ ಮಾಡಿದಳು. ತಂದದ್ದು ಅಕ್ಕನನ್ನು.

ಭಾವ ಅಂಗಿ ಇಲ್ಲದೆ, ಕಪ್ಪಗೆ ಹೊಳೆಯುವ ಚಿಪ್ಪಿನೊಳಗೆ, ಕೋಣೆಯ ನಡುವೆ ಕಂಬದಂತೆ ನಿಂತಿದ್ದರು. ಅಕ್ಕ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿದಳು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ಕವಚವನ್ನು ತಟ್ಟಿ ನೋಡಿದಳು.

"ಹೇಳಲ್ಲ ಅಂದಿದ್ದೆ ನೀನು," ಎಂದು ಭಾವ ನಾದಿನಿಯತ್ತ ನೋಡಿದರು.

"ನಾನೇನೂ ಹೇಳ್ಲಿಲ್ಲ ಭಾವ. ಬಾ ಅಂದೆ, ಅಷ್ಟೇ."

ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಆರಾಮಾಗಿ ಕುಳಿತಳು. ನಾಲ್ಕು ದಿನದಿಂದ ಇವರು ಲೇಸಿಲ್ಲದ ಬೂಟು ಹಾಕುತ್ತಿರುವುದು, ಹಾಸಿಗೆಯಿಂದ ಉರುಳಿ ಏಳುವುದು ತನಗೆ ಕಾಣದೇ ಇರಲಿಲ್ಲ, ತಾವಾಗಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ ಎಂದಳು. ಭಾವನಿಗೆ ಬಂದ ನೋವಿನಲ್ಲಿ ಇದೇ ದೊಡ್ಡದಾಯಿತು.

"ಈಗ ಹೇಳ್ರೀ," ಎಂದಳು ಅಕ್ಕ. "ನೋವು ಇಳಿದ ಮೇಲೆ ದಿನಾ ಬೆಳಿಗ್ಗೆ ನನ್ನ ರೋಗಿಗಳ ಜೊತೆ ವ್ಯಾಯಾಮಕ್ಕೆ ಬರ್ತೀರಾ, ಇಲ್ಲ ಹೀಗೇ ಇರ್ತೀರಾ?"

ರೋಗಿಗಳ ಜೊತೆಯೇ ಏಕೆ, ಮನೆಯಲ್ಲಿ ಮಾಡಿದರಾಗದೇ ಎಂದು ಅವರು ರಾಜಿಗೆ ಬಂದರು. ಮನೆಯಲ್ಲಿ ಮಾಡುವವರಾಗಿದ್ದರೆ ಇಷ್ಟು ವರ್ಷದಲ್ಲಿ ಮಾಡಿರುತ್ತಿದ್ದರು ಎಂದು ಅಕ್ಕ ಬಗ್ಗಲಿಲ್ಲ. ಇದೇ ಸಮಯವೆಂದು ಗೋಂದುವೂ ತನ್ನ ಬೇಡಿಕೆ ಮುಂದಿಟ್ಟಳು: ಸರಳಿನ ಮೇಲಿನ ತುದಿ ಇನ್ನು ತನ್ನದು, ಅಲ್ಲಿ ಎಷ್ಟು ಪದರ ಎನ್ನುವುದಕ್ಕೆ ಭಾವ ಬಾಯಿ ಹಾಕಬಾರದು.

"ಅದನ್ನ ನೀನು ಕೇಳೋದೇ ಬೇಡ," ಎಂದರು ಭಾವ. ಅದರಲ್ಲಿ ಸಿಟ್ಟಿರಲಿಲ್ಲ. ಹೆಂಡತಿಯ ಕಡೆಗೆ ತಿರುಗಿ, ಸರಿ ಬರ್ತೀನಿ ಎಂದರು. ಅದರಲ್ಲಿ ಕೊಂಚ ಇತ್ತು.

ಗೋಂದು ಮೇಜಿನ ಖಾನೆ ಎಳೆದು, ಆ ಎಳೆಗೆಂದೇ ಇರುವ ವಿಶೇಷ ಕತ್ತರಿ ತೆಗೆದು ಪಟ್ಟಿಯನ್ನು ಕಚಕ್ಕನೆ ಕತ್ತರಿಸಿದಳು. ಇದು ಮೊದಲಿಂದಲೂ ಇಲ್ಲೇ ಇತ್ತೇ ಎಂದು ಭಾವ ಕೇಳಿದರು. ಇತ್ತು ಎಂದಳು. ಅಕ್ಕ ಅಷ್ಟು ಹೊತ್ತು ಬಿಗಿಹಿಡಿದಿದ್ದ ನಗುವನ್ನು ಬಿಟ್ಟುಬಿಟ್ಟಳು.

ಸೊಂಟ ಸರಿಹೋದ ಮೇಲೆ ಭಾವ ಕೊಟ್ಟ ಮಾತಿನಂತೆ ವ್ಯಾಯಾಮಕ್ಕೆ ಹೋದರು. ತಾವೇ ಆಪರೇಶನ್ ಮಾಡಿದವರ ಪಕ್ಕದಲ್ಲಿ ಚಾಪೆ ಹಾಸಿ, ಹೆಂಡತಿ ಹೇಳಿದ ಹಾಗೆ ಕಾಲೆತ್ತಿದರು, ಇಳಿಸಿದರು. ಬೆಕ್ಕಿನ ಹಾಗೆ ಬೆನ್ನು ಗೂನು ಮಾಡಿ ಎಂದಾಗ ಮಾತ್ರ ಬಹಳ ಕಷ್ಟವಾಯಿತು. ಪಕ್ಕದ ಚಾಪೆಯ ಅಜ್ಜಿಯೊಬ್ಬರು ಇವರಿಗೆ ಹೇಳಿಕೊಟ್ಟರು. ಹಾಗೆ ಹೇಳಿಕೊಡುತ್ತಲೇ, ತಮ್ಮ ನೋವು ಈಚೆಗೆ ಎಲ್ಲಿಗೆ ಹತ್ತಿದೆ ಎಂಬುದನ್ನೂ ಹೇಳಿದರು. ಕ್ಲಿನಿಕ್ಕಿನಲ್ಲಿ ಡಾಕ್ಟರ ಮುಂದೆ ಅದನ್ನು ಹೇಳಲು ಅವರಿಗೆ ಧೈರ್ಯ ಬಂದಿರಲಿಲ್ಲವಂತೆ. ಭಾವ ಚಾಪೆಯ ಮೇಲೆ ಮಲಗಿಯೇ ಪೂರ್ತಿ ಕೇಳಿಸಿಕೊಂಡರು, ಅದೇ ವಾರ ಅವರನ್ನು ಕರೆಸಿ ಸ್ಕ್ಯಾನ್ ಮಾಡಿಸಿದರು.

ಗೋಂದು ಹೊಸ ಸರಳು ಬೇಯಿಸಿದಳು. ಕೆಳಗೆ ಎಂಟು ಪದರ, ಮೇಲಕ್ಕೆ ಹೋಗುತ್ತ ಒಂದೊಂದೇ ಕಡಿಮೆ. ಯಂತ್ರ ಶುರುವಾದಾಗ ಇಬ್ಬರೂ ಕುರ್ಚಿ ಹಾಕಿಕೊಂಡು ಕುಳಿತರು. ಹಳೆಯ ಸರಳಿದ್ದಾಗ ಮಣಿ ಬಿರಿಯುತ್ತಿದ್ದ ಹೊತ್ತು ಕಳೆಯಿತು. ಬಿರುಕಿಲ್ಲ. ಅದರ ಎರಡರಷ್ಟು ಕಳೆಯಿತು. ಬಿರುಕಿಲ್ಲ. ಗೋಂದು ಕುರ್ಚಿಯಲ್ಲಿ ಸ್ವಲ್ಪ ಬೀಗತೊಡಗಿದಳು. ಅಷ್ಟರಲ್ಲಿ ಕೆಳಗೆಲ್ಲೋ ಕಿರ್ ಎಂದಿತು. ನೋಡಿದರೆ, ಸರಳನ್ನು ಮೂಳೆಗೆ ಕಚ್ಚಿಸುವ ತೀರಾ ಕೆಳಗಿನ ಸ್ಕ್ರೂ ಸಡಿಲವಾಗಿ ಅಲ್ಲಾಡುತ್ತಿತ್ತು. ಅಲ್ಲಿ ಏಕೆ ಎನ್ನುವುದು ಯಾರ ಲೆಕ್ಕಕ್ಕೂ ಸಿಗುವಂತಿರಲಿಲ್ಲ.

ಪ್ಲಾಸ್ಟಿಕ್ ಕಳಪೆ ಎಂಬ ಮಾತು ಈಗ ಬರುತ್ತದೆ ಎಂದು ಗೋಂದು ಕಾದಳು. ಭಾವ ಯಂತ್ರ ನಿಲ್ಲಿಸಿ, ಬಗ್ಗಿ, ಆ ಸ್ಕ್ರೂವನ್ನೇ ಹತ್ತಿರದಿಂದ ನೋಡಿದರು.

"ಯಾಕಿರ್ಬಹುದು?" ಎಂದು ಕೇಳಿದರು.

"ನಂಗೂ ಗೊತ್ತಾಗ್ತಿಲ್ಲ ಭಾವ."

ಭಾವ ಕೋಟು ಕಳಚಿ ಕುರ್ಚಿಗೆ ಹಾಕಿ, ತೋಳು ಮಡಿಸಿ, ಹಾಗಾದರೆ ಬಿಚ್ಚಿ ನೋಡೋಣ ಎಂದರು.